ರೊಕ್ಕ ಬೇಡವೆಂದ ಸಾವುಕಾರ

ಲಾರಿ ಮತ್ತೆ ನನ್ನ ಬೈಕಿನ ಪಕ್ಕಕ್ಕೇ ಬಂತು.

ಗ್ರಾನೈಟ್ ಬಂಡೆ ಹೇರಿದ ಲಾರಿ. ಹುನಗುಂದ ದಾಟಿದಾಗಿನಿಂದ ಬೆನ್ನು ಬಿಟ್ಟಿರಲಿಲ್ಲ. ಈ ಸಲ ಹ್ಯಾಂಡಲ್ಲಿಗೇ ತಗುಲಿತು. ಬೈಕು ಒಂದು ಕಡೆ, ನಾನು ಒಂದು ಕಡೆ... ಕಡಲೆ ಹೊಲದಲ್ಲಿ ಬಿದ್ದೆ.

ಡ್ರೈವರ್ ಇಳಿದು ಬಂದ. ಕೈಯಲ್ಲಿ ಸ್ಪ್ಯಾನರ್.

"ಇಳಕಲ್‌ಗೆ ಯಾಕ್ ಹೊಂಟೀರಿ ಸಾಹೇಬ್ರ?"

"ಸೀರಿ ತರಾಕ."

"ತಗೊಂಡು ಸುಮ್ನ ಹೊಳ್ಳಿ ಹೋಗ್ರಿ. ಆ ಹುಡುಗಿ ಸಾಲದ ಸುದ್ದಿ ನಿಮಗ್ಯಾಕ?"

ಅವನು ಹೋದ. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಆದರೂ ನಗು ಬಂತು. ಹುಡುಗಿಗೆ ಸಾಲವಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ!

ನನ್ನ ಕೆಲಸ ಹೇಳಿಬಿಡುತ್ತೇನೆ, ಕೇಳಿ. ನಾನು ಮುದಕಪ್ಪ. ಪೊಲೀಸ್. ಬಾಗಲಕೋಟೆ ನವನಗರದಲ್ಲಿ ಮನೆ. ಸರ್ಕಾರದ ಗುಟ್ಟಿನ ಕೆಲಸಕ್ಕೆ ಸೇರುವವರ ಹಿಂದುಮುಂದು ಜಾಲಾಡುವವನು. ಕೇಸು, ಕುಡಿತ, ಸಹವಾಸ... ಎಲ್ಲಕ್ಕಿಂತ ಮೊದಲು ಸಾಲ. ಸಾಲಗಾರರೆಲ್ಲ ಕೆಟ್ಟವರಲ್ಲ. ಮುಚ್ಚಿಟ್ಟ ಸಾಲವಿದ್ದರೆ ಮಾತ್ರ ಜುಟ್ಟು ಇನ್ನೊಬ್ಬನ ಕೈಯಲ್ಲಿರುತ್ತದೆ.

ಈ ಸಲದ ಹೆಸರು ಶಮಾ. ಇಳಕಲ್ಲಿನ ನೇಕಾರರ ಮಗಳು, ಎಂಜಿನಿಯರ್. ರಡಾರ್ ತಯಾರಿಸುವ ಪ್ರಯೋಗಾಲಯದಲ್ಲಿ ನೌಕರಿ ಸಿಕ್ಕಿತ್ತು. ನನ್ನ ವರದಿ ಸರಿಯಿದ್ದರೆ ಸೇರಬಹುದು. ಸಾಲ ಎಷ್ಟಿದೆ ಎಂಬ ಪ್ರಶ್ನೆಗೆ ಫಾರ್ಮಿನಲ್ಲಿ "ಇಲ್ಲ" ಎಂದು ಬರೆದಿದ್ದಳು.

ಕುಂಟುತ್ತಲೇ ಅವರ ಮನೆಗೆ ಹೋದೆ. ತಾಯಿ ಶಹರಬಾನು ಮಗ್ಗ ನಿಲ್ಲಿಸಿ ನೀರು ಕೊಟ್ಟಳು.

"ಸಾಲ ಐತೇನು ತಂಗಿ?"

"ಇಲ್ರಿ ಸರ್," ಎಂದಳು ಶಮಾ.

"ಐತಿ ಅಂತ ಹೇಳಾಕ ನನ್ನ ಮ್ಯಾಲೆ ಲಾರಿ ಬಿಟ್ಟಾರ."

ತಾಯಿ ನಡುವೆ ಬಂದಳು. "ಅದು ಸಾಲ ಅಲ್ರಿ ಸಾಹೇಬ್ರ, ಮುಂಗಡ. ಎಲ್ಲಾ ಮಗ್ಗದ ಮನ್ಯಾಗೂ ಇರತೈತಿ. ಅದಕ್ಕ ಯಾರು ಸಾಲ ಅಂತಾರ?"

ಖರೆ. ಇಲ್ಲಿ ಯಾರೂ ಅನ್ನುವುದಿಲ್ಲ. ಸಾವುಕಾರ ನೂಲಿನ ಜೊತೆ ಮುಂಗಡ ಕೊಡುತ್ತಾನೆ. ಅದು ತೀರುವವರೆಗೆ ಮನೆಯವರು ಅವನಿಗೇ ನೇಯುತ್ತಾರೆ. ಹುಡುಗಿ ಸುಳ್ಳು ಬರೆದಿರಲಿಲ್ಲ. ತಿಳಿಯದೆ ಬರೆದಿದ್ದಳು.

"ಮುಂಗಡದ ಪತ್ರಕ್ಕ ಸಹಿ ಯಾರದು?"

"ನಂದರಿ. ಅಬ್ಬಾ ತೀರಿಕೊಂಡ ಮ್ಯಾಲೆ ನನ್ನ ಹೆಸರಿಗೆ ಮಾಡ್ಯಾರ. ಮುಂದ ಹಳೇ ಸಾವ್ಕಾರ್ರ ಕಡಿಂದ ಆ ಮುಂಗಡ ಪ್ರಭುಲಿಂಗ ಅವ್ರು ಕೊಂಡ್ರು. ಗ್ರಾನೈಟಿನವ್ರು."

"ತೀರಸಾಕ ಹೋಗಿದ್ದೇನು?"

"ಭಾಳ ಸಲ ಹೋಗೇನ್ರಿ. ರೊಕ್ಕ ಬ್ಯಾಡ, ಮೊದಲ ನೌಕರಿಗೆ ಸೇರು ಅಂತಾರ. ಛಲೋ ಮನಷ್ಯಾ. ನೀವು ಬರೂದನ್ನೂ ಅವ್ರಿಗೆ ಹೇಳಿದ್ದೆ."

ಕಲ್ಲು ಮಾರುವವನಿಗೆ ನೇಕಾರರ ಮುಂಗಡ ಯಾಕೆ? ರೊಕ್ಕ ಬೇಡ ಅನ್ನುವ ಸಾವುಕಾರನನ್ನು ನೀವು ಎಂದಾದರೂ ನೋಡಿದ್ದೀರಾ?

"ಇವತ್ತ ರೊಕ್ಕ ಬ್ಯಾಡ ಅಂತಾನ. ನಾಳೆ ಲ್ಯಾಬಿಂದು ಒಂದು ಫೋಟೋ ಕೇಳ್ತಾನ, ನಾಡಿದ್ದ ಒಂದು ಫೈಲ್. ಇಲ್ಲಂದ್ರ, ಸಾಲ ಮುಚ್ಚಿಟ್ಟಿ ಅಂತ ಮ್ಯಾಲೆ ತಿಳಸ್ತಾನ."

ಶಮಾ ಗೋಡೆಗೆ ಆನಿಕೊಂಡಳು. "ಈಗ ಏನ್ ಮಾಡ್ಲಿ?"

"ನಾ ವರದಿ ಬರಿಯೂಕಿಂತ ಮೊದಲ ನೀನ ಲ್ಯಾಬಿಗೆ ಮೇಲ್ ಮಾಡು. ಎಲ್ಲಾ ಬರಿ."

"ನೌಕರಿ ಹೋದ್ರ?"

"ಹೋಗಬಹುದು."

ಅವಳು ಮೊಬೈಲ್ ಎತ್ತಿಕೊಂಡಳು. ಮೇಲ್ ಬರೆಯತೊಡಗಿದಳು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಪ್ರಭುಲಿಂಗ ಒಳಗೆ ಬಂದ. ಬಿಳಿ ಅಂಗಿ, ಬಾಯಿತುಂಬ ನಗು.

"ಸಾಹೇಬ್ರ, ನಿಮ್ಮ ಮನಿ ಲೋನ್ ಭಾಳ ವರ್ಷದಿಂದ ನಡದೈತಂತ. ನಾ ತೀರಸ್ಲೇನು?"

"ಅದು ನಮ್ಮ ಆಫೀಸಿಗೆ ಗೊತ್ತೈತಿ. ಮನ್ಯಾಕಿಗೂ ಗೊತ್ತೈತಿ, ದಿನಾ ಬೈತಾಳ. ನೀವ್ಯಾರಿಗೆ ಹೇಳಾವ್ರು?"

"ಕಳಿಸೇನ್ರಿ ಸರ್," ಎಂದಳು ಶಮಾ.

ಪ್ರಭುಲಿಂಗನಿಗೆ ಅರ್ಥವಾಯಿತು. ನಗು ಇಂಗಿಹೋಯಿತು.

"ಹಂಗಾರ ನನ್ನ ರೊಕ್ಕ ಇಡು. ಈಗಿಂದೀಗ."

"ಕಂತಿನ್ಯಾಗ ಕೊಡ್ತೇನ್ರಿ," ಎಂದಳು. ದನಿ ನಡುಗಲಿಲ್ಲ.

ಅವತ್ತೇ ಪ್ರಭುಲಿಂಗನ ಆ ಲಾರಿಯನ್ನು ಹಿಡಿಸಿದೆ. ಡ್ರೈವರ್ ಸ್ಟೇಷನ್ನಿನಲ್ಲಿ ಬಾಯಿಬಿಟ್ಟ. ಬಾದಾಮಿಯಲ್ಲಿ ಒಬ್ಬ, ಗುಳೇದಗುಡ್ಡದಲ್ಲಿ ಇನ್ನೊಬ್ಬ... ಇಂಥ ನೌಕರಿಗೆ ಹೊರಟ ಮಕ್ಕಳ ಸಾಲವನ್ನೇ ಪ್ರಭುಲಿಂಗ ಹುಡುಕಿ ಕೊಳ್ಳುತ್ತಿದ್ದನಂತೆ. ನಾನು ವರದಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ಮೇಲಿನವರು ಶಮಾಳನ್ನು ಎರಡು ಸಲ ಕರೆಸಿ ಹಿಂಡಿ ಹಿಪ್ಪೆ ಮಾಡಿದರು. ಕೊನೆಗೆ ಆರ್ಡರ್ ಬಂತು. ಸೇರಿದಳು.

ಈಗ ಮೊದಲ ತಾರೀಕಿಗೇ ಪ್ರಭುಲಿಂಗನ ಕಂತು ಕಳಿಸುತ್ತಾಳೆ. ಜೈಲಿನ ವಿಳಾಸಕ್ಕೆ.