ಕಿಟಕಿಯ ಕೆಳಗಿನ ಚಕ್ರ

“ಸುಯುನ್ಚು! ಅಜ್ಜೀ, ಸುಯುನ್ಚು!”

ಅಂಗಳದಿಂದ ಓಡಿಬಂದ ಮೀರಿಮ್, ಅಡುಗೆಮನೆಯ ಕಿಟಕಿಯ ಕೆಳಗೆ ಗೋಡೆಗೆ ಒರಗಿಸಿದ್ದ ಕಾರಿನ ಚಕ್ರವನ್ನು ಹಾರಿ, ಹೊಸ್ತಿಲು ದಾಟಿ, ಒಲೆಯ ಮುಂದೆ ಬಂದು ನಿಂತಳು. ಹಿಂದೆಯೇ ಓಡಿಬಂದ ತಮ್ಮ ತಿಲೆಕ್ ಚಕ್ರಕ್ಕೆ ಎಡವಿ ದೊಪ್ಪೆಂದು ಬಿದ್ದ.

“ನಾನೇ ಫಸ್ಟ್!” ಎಂದಳು ಮೀರಿಮ್. ಒಳ್ಳೆಯ ಸುದ್ದಿಯನ್ನು ಮೊದಲು ತಂದು ‘ಸುಯುನ್ಚು’ ಎಂದು ಕೂಗಿದವರಿಗೆ ಉಡುಗೊರೆ. ಎರಡನೆಯವರಿಗೆ ಏನೂ ಇಲ್ಲ.

ಅಜ್ಜಿ ಬಾಣಲೆಯಿಂದ ಕರಿದು ಉಬ್ಬಿದ ಹಿಟ್ಟಿನ ಬೋರ್ಸೊಕ್‌ಗಳನ್ನು ತೆಗೆಯುತ್ತಿದ್ದಳು. “ಏನು ಸುದ್ದಿ, ನನ್ನ ಕುರಿಮರಿ?”

“ಮೊದಲು ಏನು ಕೊಡ್ತೀಯ ಹೇಳು. ಅಜ್ಜನ ಕೊಮುಜ್ ಕೊಡ್ತೀಯಾ?”

ಅಜ್ಜಿ ನಕ್ಕು, ಕೈ ಒರೆಸಿಕೊಂಡು, ಮೂಲೆಯ ಪೆಟ್ಟಿಗೆ ತೆರೆದಳು. ಬೆರಳುದ್ದದ ಕಬ್ಬಿಣದ ಕೊಮುಜ್ ಅದರಲ್ಲಿತ್ತು. ಅದನ್ನು ಹಲ್ಲಿಗೆ ಒತ್ತಿ ಹಿಡಿದು ಬೆರಳಿನಿಂದ ಮೀಟಿದರೆ ‘ಬ್ವಾಂಯ್’ ಎನ್ನುತ್ತದೆ. ಕುದುರೆ ಕಾಯುವಾಗ ಅಜ್ಜ ನುಡಿಸುತ್ತಿದ್ದದ್ದು. ಅದರ ಮೇಲೆ ಮೀರಿಮ್‌ಗೆ ಎಷ್ಟೋ ದಿನದಿಂದ ಕಣ್ಣು.

“ತಗೋ. ಈಗ ಹೇಳು.”

“ಕಾರು ರಿಪೇರಿ ಆಯ್ತು! ಇನ್ನು ಟಕ್ ಟಕ್ ಇಲ್ಲ!”

ಅಜ್ಜಿ ಕಿಟಕಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮೀರಿಮ್‌ಳ ಮುಖ ನೋಡಿದಳು.

“ಹೌದಾ? ಬಹಳ ಸಂತೋಷ. ಹಾಗಾದ್ರೆ ಬುರುಲ್‌ಗೆ ಫೋನ್ ಮಾಡ್ತೀನಿ” ಎಂದು ಒಳಕೋಣೆಗೆ ಹೋದಳು.

ಮೀರಿಮ್‌ಳ ನಗು ಅರ್ಧಕ್ಕೇ ನಿಂತಿತು. ಫೋನ್ ಮಾಡುತ್ತಾಳೆಂದು ಅವಳು ಅಂದುಕೊಂಡಿರಲಿಲ್ಲ.

ಬುರುಲ್ ಅಜ್ಜಿ ಎಂದರೆ ಅಜ್ಜಿಯ ತಂಗಿ. ಗುಡ್ಡದ ಆಚೆ ಇರುವ ಅವಳ ಮನೆಯಲ್ಲಿ ಇವತ್ತು ಪುಟ್ಟ ಪಾಪುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಆ ತೊಟ್ಟಿಲು ಇರುವುದು ಮಾತ್ರ ಇಲ್ಲಿ! ಅಪ್ಪ, ಮೀರಿಮ್, ತಿಲೆಕ್ ಎಲ್ಲರೂ ಮಲಗಿದ್ದ ತೊಟ್ಟಿಲು. ಅದನ್ನು ಒಯ್ಯಬೇಕು, ಮನೆಯ ಹಿರಿಯಳಾದ ಅಜ್ಜಿಯೇ ಪಾಪುವನ್ನು ಅದರಲ್ಲಿ ಮಲಗಿಸಬೇಕು. ಆದರೆ ಕಾರು ಗುಂಡಿ ಗುಂಡಿಗೂ ಟಕ್ ಟಕ್ ಎನ್ನುತ್ತಿತ್ತು. “ತಿರುವಿನಲ್ಲಿ ಸ್ಟೀರಿಂಗ್ ನನ್ನ ಮಾತೇ ಕೇಳಲ್ಲ. ಇದು ಸರಿಯಾಗದೆ ಗುಡ್ಡ ಹತ್ತಿಸಲ್ಲ” ಎಂದು ಅಪ್ಪ ಹೇಳಿಬಿಟ್ಟಿದ್ದ.

ಮತ್ತೆ, ರಿಪೇರಿ ಆಗಿತ್ತೇ? ಇಲ್ಲ. ಅಪ್ಪ ಚಕ್ರದ ಕೀಲಿಗೆ ಒಂದು ರಬ್ಬರ್ ಬುಶ್ ಕೂರಿಸಿ ಕೈ ಒರೆಸಿಕೊಂಡಿದ್ದನ್ನು ಮೀರಿಮ್ ನೋಡಿದ್ದಳು. ಅಷ್ಟೇ. ಪೂರ್ತಿ ಆಗುವವರೆಗೆ ಕಾದರೆ ತಿಲೆಕ್ ಮೊದಲು ಓಡುತ್ತಿದ್ದ. ಹೇಗೂ ಆಗೇ ಆಗುತ್ತದಲ್ಲ, ಆಯ್ತು ಅಂದರೇನಂತೆ?

ಅವಳು ಮತ್ತೆ ಅಂಗಳಕ್ಕೆ ಓಡಿದಳು. ಅಲ್ಲಿ ಅಪ್ಪ, ಕಾರಿನ ಅಡಿಯ ಉದ್ದನೆಯ ಗುಂಡಿಯಲ್ಲಿ ನಿಂತಿದ್ದ. ತಲೆ ಮಾತ್ರ ಕಾಣುತ್ತಿತ್ತು.

“ಅಪ್ಪಾ, ಇನ್ನೆಷ್ಟು ಹೊತ್ತು?”

“ಎಡಗಡೆ ಚಕ್ರದ ಲಿಂಕ್ ಕಂಬಿ ಬಾಕಿ ಇದೆ. ನೋಡಿಲ್ಲಿ, ಹಳೇದು ಹೇಗೆ ಲೊಡಲೊಡ ಅಂತಿದೆ! ತಿಲೆಕ್‌ನ ಅಲ್ಲಾಡೋ ಹಲ್ಲಿನ ಥರ.”

ತಿಲೆಕ್ ತಟ್ಟನೆ ಬಾಯಿ ಮುಚ್ಚಿಕೊಂಡ.

“ಈ ಕಡೆ ಬುಶ್ ಆಯ್ತಲ್ಲ? ಅದನ್ನಾದ್ರೂ ಬಿಗಿದುಬಿಡು!”

“ಈಗ ಬಿಗಿಯೋ ಹಾಗಿಲ್ಲಮ್ಮ. ಗಾಳೀಲಿ ನೇತಾಡ್ತಿರೋವಾಗ ಬಿಗಿದ್ರೆ, ಕಾರು ನೆಲಕ್ಕೆ ಕೂತಾಗ ರಬ್ಬರ್ ತಿರುಚಿಕೊಳ್ಳುತ್ತೆ. ಬೇಗ ಹರಿದುಹೋಗುತ್ತೆ. ಚಕ್ರ ಹಾಕಿ, ಕೆಳಗಿಳಿಸಿ, ಒಳಗೆ ಭಾರ ಕೂರಿಸಿದ ಮೇಲೇ ಬಿಗೀಬೇಕು.”

ಮೀರಿಮ್ ಕೊಮುಜ್ ಇದ್ದ ಜೇಬಿನ ಮೇಲೆ ಕೈಯಿಟ್ಟುಕೊಂಡಳು. ತಿಲೆಕ್ ಅವಳ ಕಿವಿಯ ಹತ್ತಿರ ಬಂದ. “ಇನ್ನೂ ಆಗಿಲ್ಲ! ಅಜ್ಜಿಗೆ ಹೇಳ್ತೀನಿ!”

“ಹೇಳ್ಬೇಡ್ವೋ! ಒಂದ್ಸಲ ನುಡಿಸೋಕೆ ಕೊಡ್ತೀನಿ.”

“ದಿನಾ ಕೊಡ್ಬೇಕು.”

“ಆಸೆಬುರುಕ! ಸರಿ, ದಿನಾ.”

ಲಿಂಕ್ ಬದಲಾಯಿತು. ಚಕ್ರ ಕಿಟಕಿಯ ಕೆಳಗಿನಿಂದ ಉರುಳಿಕೊಂಡು ಬಂದು ತನ್ನ ಜಾಗದಲ್ಲಿ ಕೂತಿತು. ಕಾರು ಜ್ಯಾಕ್‌ನಿಂದ ಮೆಲ್ಲಗೆ ಇಳಿಯಿತು. ಅಪ್ಪ ಮತ್ತೆ ಗುಂಡಿಗಿಳಿದು ಕೂಗಿದ. “ಮೀರಿಮ್, ಅಜ್ಜೀನ ಕರಿ. ಬಂದು ಕೂತ್ಕೊಳ್ಳಲಿ, ಭಾರ ಬೇಕು.”

ಅಜ್ಜಿಯನ್ನೇ? ಬಂದರೆ ಎಲ್ಲಾ ಗೊತ್ತಾಗಿಬಿಡುತ್ತದಲ್ಲ!

“ಅಜ್ಜಿಗೆ ಕೆಲಸ ಇದೆ! ಭಾರ ನಾನು ತರ್ತೀನಿ ಅಪ್ಪಾ!”

ಅಕ್ಕ ತಮ್ಮ ಸೇರಿ ಹಿಟ್ಟಿನ ಮೂಟೆಯನ್ನು ಎಳೆದು ಮುಂದಿನ ಸೀಟಿಗೆ ಹತ್ತಿಸಿದರು. ಸಾಲದು. ತಿಲೆಕ್ ಕೊಟ್ಟಿಗೆಯ ಕಡೆ ನೋಡಿದ. ಮೀರಿಮ್ ಕೂಡ ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಮನೆಯ ಟಗರು ಹಿಂದಿನ ಸೀಟಿನಲ್ಲಿ, ತುಂಬಾ ಆಶ್ಚರ್ಯಪಟ್ಟುಕೊಂಡು ನಿಂತಿತ್ತು.

ಕಾರು ಆ ಕಡೆ ಈ ಕಡೆ ವಾಲಾಡಿತು.

“ಏಯ್, ಒಳಗೆ ಕುಣೀತಿರೋದು ಯಾರು?” ಅಪ್ಪ ಅಡಿಯಿಂದ ಕೂಗಿದ.

“ತಿಲೆಕ್, ಅಪ್ಪಾ!”

“ನಾನಲ್ಲ!”

“ಬ್ಯಾ!” ಎಂದಿತು ಟಗರು.

“ಇವನ ಗಂಟಲಿಗೆ ಏನಾಯ್ತು?”

ಅಷ್ಟರಲ್ಲಿ ಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕಾರಿನ ಕಿಟಕಿಯಿಂದ ತಲೆ ಹೊರಹಾಕಿದ್ದ ಟಗರನ್ನು ನೋಡಿದಳು.

“ಓ! ಇವರೂ ತೊಟ್ಟಿಲ ಶಾಸ್ತ್ರಕ್ಕೆ ಹೊರಟ್ರಾ?” ಹತ್ತಿರ ಬಂದು ಕಾರಿನ ಬಾಗಿಲು ತೆಗೆದು ಟಗರಿನ ಬೆನ್ನು ತಟ್ಟಿದಳು. “ಇಳಿಯಪ್ಪಾ, ಇದು ನನ್ನ ಜಾಗ.”

ಟಗರು ಇಳಿಯಿತು. ಅಜ್ಜಿ ಹತ್ತಿ ಕೂತಳು.

“ಹ್ಞಾ, ಈಗ ನೋಡು, ಸರಿಯಾದ ಭಾರ!” ಎಂದ ಅಪ್ಪ.

“ನನ್ನನ್ನ ಭಾರ ಅಂತೀಯೇನೋ, ಕುಬಾತ್?”

“ಅಮ್ಮಾ! ನೀನಾ?”

“ನಾನೇ. ಅದಿರಲಿ, ಕಾರಿನ ಅಡಿಯಿಂದ ನನ್ನ ಗುಲಾಬಿ ಸೋಪಿನ ವಾಸನೆ ಯಾಕೆ ಬರ್ತಿದೆ?”

ಬುಶ್ ಜಾರಿ ಒಳಗೆ ಕೂರಲಿ ಎಂದು ಅಪ್ಪ ಸೋಪು ನೀರು ಕೇಳಿದ್ದ. ಮೀರಿಮ್ ಕೈಗೆ ಸಿಕ್ಕ ಸೋಪನ್ನು ಕದಡಿ ಕೊಟ್ಟಿದ್ದಳು. ಈಗ ಅವಳು ಆಕಾಶ ನೋಡಿದಳು.

ಇನ್ನು ಬೈಗುಳ ಬರುತ್ತದೆ ಎಂದುಕೊಂಡಳು. ‘ರಿಪೇರಿ ಆಯ್ತು ಅಂದೆಯಲ್ಲೇ?’ ಎಂದು ಅಜ್ಜಿ ಈಗ ಕೇಳುತ್ತಾಳೆ. ಇಗೋ, ಈಗ. ಆದರೆ ಅಜ್ಜಿ ಕೇಳಲಿಲ್ಲ. ಕೊನೆಯ ಬೋಲ್ಟ್ ಬಿಗಿಯಾಗುವವರೆಗೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದು, ಇಳಿದು, ಬೋರ್ಸೊಕ್ ಕಟ್ಟಿಕೊಳ್ಳಲು ಒಳಗೆ ಹೋದಳು.

ಜೇಬಿನ ಕೊಮುಜ್ ಮೀರಿಮ್‌ಳ ತೊಡೆಗೆ ಚುಚ್ಚುತ್ತಿತ್ತು. ಅಜ್ಜಿ ಒಲೆಯ ಕಡೆ ತಿರುಗಿದ್ದಾಗ ಅವಳು ಸದ್ದಿಲ್ಲದೆ ಪೆಟ್ಟಿಗೆ ತೆರೆದು, ತಲೆವಸ್ತ್ರಗಳ ಮೇಲೆ ಅದನ್ನಿಟ್ಟು ಬಂದಳು.

ಅಪ್ಪ ಕಾರನ್ನು ಬೀದಿಯ ತುದಿಗೆ ಓಡಿಸಿದ. ಮೋರಿಯ ಹತ್ತಿರದ ದೊಡ್ಡ ಗುಂಡಿಗೆ ಬೇಕೆಂದೇ ಇಳಿಸಿದ. ಗೇಟಿನ ಹತ್ತಿರ ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು.

ಟಕ್ ಇಲ್ಲ. ಟುಕ್ ಇಲ್ಲ.

ತಿಲೆಕ್ ಅಕ್ಕನ ಕಡೆ ಓರೆಗಣ್ಣಿನಿಂದ ನೋಡಿದ. ಅವಳ ಕಾಲು ತನ್ನ ಕಾಲಿಗಿಂತ ಉದ್ದ ಎಂದು ಅವನಿಗೆ ಗೊತ್ತಿತ್ತು. ಮೀರಿಮ್‌ಗೆ ಆಗಲೇ ಶೂ ಲೇಸ್ ನೆನಪಾಯಿತು. ಕುಕ್ಕರುಗಾಲಲ್ಲಿ ಕೂತು ಕಟ್ಟತೊಡಗಿದಳು. ಅದು ಬಿಚ್ಚೇ ಇರಲಿಲ್ಲ.

ತಿಲೆಕ್ ಓಡಿದ. ಈ ಸಲ ಎಡವಲು ಕಿಟಕಿಯ ಕೆಳಗೆ ಏನೂ ಇರಲಿಲ್ಲ.

“ಸುಯುನ್ಚು! ಅಜ್ಜೀ, ಸುಯುನ್ಚು!”

“ಅಯ್ಯೋ, ಏನಪ್ಪಾ ಸುದ್ದಿ?” ಕಾರಿನ ಸುದ್ದಿಯನ್ನು ಯಾವತ್ತೂ ಕೇಳದವಳ ಹಾಗಿತ್ತು ಅಜ್ಜಿಯ ದನಿ. “ಏನು ಕೊಡಲಿ ನಿನಗೆ?”

ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಅಜ್ಜಿಯ ಕೈ ಒಳಗೇ ತಡೆದು ನಿಂತದ್ದು ಬಾಗಿಲಿಗೆ ಬಂದಿದ್ದ ಮೀರಿಮ್‌ಗೆ ಕಾಣಿಸಿತು. ಅಜ್ಜಿ ತಿರುಗಿ ಅವಳನ್ನು ನೋಡಿದಳು. ಕೊಮುಜ್ ಎತ್ತಿ ತಿಲೆಕ್‌ನ ಕೈಗಿಟ್ಟಳು.

ತೊಟ್ಟಿಲನ್ನು ಕಾರಿನ ಮೇಲೆ ಕಟ್ಟಿ ಹೊರಟರು. ಗುಡ್ಡದ ತಿರುವುಗಳಲ್ಲಿ ಕಾರು ಅಪ್ಪನ ಮಾತು ಕೇಳಿತು. ಟಕ್ ಟಕ್ ಇರಲಿಲ್ಲ, ನಿಜ. ಆದರೆ ದಾರಿಯುದ್ದಕ್ಕೂ ಬ್ವಾಂಯ್ ಬ್ವಾಂಯ್.

“ಕುಬಾತ್,” ಅಜ್ಜಿ ಕಿವಿ ಮುಚ್ಚಿಕೊಂಡು ಕೇಳಿದಳು, “ಈ ಸದ್ದು ನಿಲ್ಲೋಕೆ ಯಾವ ಬುಶ್ ಹಾಕ್ಬೇಕೋ?”

ಬುರುಲ್ ಅಜ್ಜಿ ಮನೆಯಿಂದ ಓಡಿಬಂದಳು. “ಅಕ್ಕಾ, ಇಷ್ಟು ಬೇಗ ಬಂದ್ಯಾ! ಇನ್ನೂ ಚಕ್ರವೇ ಹಾಕಿಲ್ಲ, ಸಂಜೆ ಆಗುತ್ತೆ ಅಂತ ಬೆಳಿಗ್ಗೆ ಫೋನಲ್ಲಿ ಹೇಳಿದ್ದೆಯಲ್ಲೇ?”

ಅಜ್ಜಿ ತಲೆವಸ್ತ್ರ ಸರಿಮಾಡಿಕೊಳ್ಳುವುದರಲ್ಲಿ ಮುಳುಗಿಹೋಗಿದ್ದಳು.

ಮೀರಿಮ್ ನಿಂತಲ್ಲೇ ನಿಂತಳು. ತಾನು ಹಾರಿದ ಚಕ್ರ. ಕಿಟಕಿಯ ಕೆಳಗೆ, ಒಲೆಯ ಮುಂದೆ ನಿಂತವರ ಕಣ್ಣಿಗೆ ಬೀಳುವ ಹಾಗೆ ಇತ್ತು. ಅದನ್ನು ನೋಡಿಕೊಂಡೇ ಅಜ್ಜಿ ‘ಬಹಳ ಸಂತೋಷ’ ಎಂದಿದ್ದಳು.

“ಬಾರೇ, ಒಂದು ಕಡೆ ಹಿಡಿ” ಎಂದಳು ಅಜ್ಜಿ.

“ಸುಯುನ್ಚು! ತೊಟ್ಟಿಲು ಬಂತು!” ಎಂದು ಕೂಗುತ್ತಾ ತಿಲೆಕ್ ಆಗಲೇ ಒಳಗೆ ಓಡಿದ್ದ.

ಮೀರಿಮ್ ಓಡಲಿಲ್ಲ. ತೊಟ್ಟಿಲು ಅಲುಗದ ಹಾಗೆ ತನ್ನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಜ್ಜಿಯ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದಳು.