ಬೇಡವೆಂದವನ ಬೀಳ್ಕೊಡುಗೆ

"ಬಾಗಿಲು ಹಾಕಿ ಮೊದಲು!"

ಆ ಗುಡುಗಿಗೆ ವಿಬೆಕೆ ಹೊಸ್ತಿಲಲ್ಲೇ ನಿಂತುಬಿಟ್ಟಳು.

ತಡವಾಗಿತ್ತು. ಫ್ಯೋರ್ಡ್ ಕೊಲ್ಲಿಯ ಮೇಲಿಂದ ಬೀಸಿದ ಗಾಳಿ ಅವಳಿಗಿಂತ ಮೊದಲೇ ಒಳಗೆ ನುಗ್ಗಿ, ನೆಲದ ಮೇಲಿದ್ದ ಮರದ ಪುಡಿಯನ್ನೆಲ್ಲ ಎಬ್ಬಿಸಿ, ಆಗ ತಾನೇ ವಾರ್ನಿಷ್ ಹಚ್ಚಿದ್ದ ಮೇಜಿನ ಮೇಲೆ ಸುರಿದಿತ್ತು.

"ಹೋಯ್ತು... ಎಲ್ಲ ಹೋಯ್ತು!" ಬ್ರಷ್ ಹಿಡಿದ ಎತ್ತರದ ಮನುಷ್ಯ ತಲೆಯ ಮೇಲೆ ಕೈಯಿಟ್ಟುಕೊಂಡ. "ವಾರ್ನಿಷ್ ಒಣಗೋವಾಗ ಈ ಬಾಗಿಲು ತೆಗೀಬಾರದು ಅಂತ ಗೊತ್ತಿಲ್ವಾ?"

"ಬಾಗಿಲ ಮೇಲೆ ಬರೆದು ಹಾಕಬೇಕಿತ್ತು!"

"ಬರೆದು ಯಾಕೆ ಹಾಕಬೇಕು? ಇಲ್ಲಿ ಎಲ್ಲರಿಗೂ ಗೊತ್ತು."

"ನಾನು ಇಲ್ಲಿಯವಳಲ್ಲ. ಕೋಪನ್‌ಹೇಗನ್ನಿಂದ ನಿನ್ನೆ ಬಂದೆ. ಸಿಬ್ಬಂದಿ ಕಚೇರಿಗೆ."

ಆ ಮನುಷ್ಯ ಅವಳನ್ನೊಮ್ಮೆ, ಮೇಜನ್ನೊಮ್ಮೆ ನೋಡಿದ. ಆಮೇಲೆ ಏನನ್ನಿಸಿತೋ, ನಕ್ಕುಬಿಟ್ಟ. ಆ ನಗು ನೋಡಿ ವಿಬೆಕೆಯ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ!

"ಥೋರ್ಕಿಲ್," ಎಂದು ಕೈ ಚಾಚಿದ. "ಮರಗೆಲಸ ಕಲಿಸ್ತೀನಿ. ಕಾಫಿ ಕುಡೀತೀರಾ?"

"ಓ, ಕೊಡಿ!"

ಫ್ಲಾಸ್ಕ್ ಹಿಡಿದ ಅವನ ಕೈ ಅರೆಕ್ಷಣ ಗಾಳಿಯಲ್ಲೇ ನಿಂತಿತು. ಹುಬ್ಬು ಮೇಲೇರಿತು. 'ನಾನೇನಾದರೂ ತಪ್ಪಾಡಿದೆನಾ?' ಎಂದುಕೊಂಡಳು ವಿಬೆಕೆ. ಅವನು ಲೋಟಕ್ಕೆ ಕಾಫಿ ಸುರಿದ.

ಹೀಗೆ ಶುರುವಾದದ್ದು.

ಡೆನ್ಮಾರ್ಕಿನ ಪಶ್ಚಿಮದ ಆ ಪುಟ್ಟ ಊರಿನ ವೃತ್ತಿ ಕಾಲೇಜಿಗೆ ವಿಬೆಕೆ ಬಂದಾಗ ಅವಳಿಗೆ ಐವತ್ತೈದು ದಾಟಿತ್ತು. ಗಂಡ ಬೇರೆಯವಳ ಜೊತೆ ಹೋಗಿ ಬಹಳ ಕಾಲವಾಗಿತ್ತು. ಪ್ರೀತಿ ಗೀತಿ ಎಲ್ಲ ಮುಗಿದ ಅಧ್ಯಾಯ ಎಂದುಕೊಂಡಿದ್ದಳು. ಆದರೆ ಕಾಫಿಯ ಹೊತ್ತಾದರೆ ಸಾಕು, ಅವಳ ಕಾಲು ತಾನಾಗಿಯೇ ಅಂಗಳ ದಾಟಿ ಮರಗೆಲಸದ ಕಾರ್ಯಾಗಾರದ ಕಡೆ ತಿರುಗುತ್ತಿತ್ತು. ಮದುವೆಯೇ ಆಗದೆ ಉಳಿದ ಥೋರ್ಕಿಲ್ ಮಾತು ಕಡಿಮೆ ಆಡುವವನು. ಅವಳು ಊರಿನ ಸುದ್ದಿಯನ್ನೆಲ್ಲ ಹೇಳುವಳು, ಅವನು ಕೀಸುಳಿ ಆಡಿಸುತ್ತಾ "ಹೂಂ" ಎನ್ನುವನು. ಆ "ಹೂಂ" ಕೇಳದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಕೊನೆಗೊಂದು ವಸಂತದಲ್ಲಿ ಧೈರ್ಯ ಮಾಡಿದಳು.

"ಥೋರ್ಕಿಲ್, ಈ ಶನಿವಾರ ನಮ್ಮನೆಗೆ ಊಟಕ್ಕೆ ಬರ್ತೀರಾ? ನಾವಿಬ್ರೇ. ಹಂದಿ ಹುರೀತೀನಿ..."

ಅವನ ಕಿವಿ ಕೆಂಪಾಯಿತು. "ಅಯ್ಯೋ, ಬೇಡ ಬಿಡಿ. ನನಗೋಸ್ಕರ ಯಾಕೆ ಅಷ್ಟು ತೊಂದರೆ!"

ವಿಬೆಕೆಯ ಎದೆ ಧಸಕ್ಕೆಂದಿತು. ಆದರೂ ನಗು ತಂದುಕೊಂಡಳು. "ಸರಿ. ಹಾಗಾದ್ರೆ ಬೇಡ."

ತಿರುಗಿ ಹೊರಟೇ ಬಿಟ್ಟಳು. ಒಮ್ಮೆ ಹಿಂತಿರುಗಿ ನೋಡಿದ್ದರೆ ಅವನ ಮುಖ ಬಾಡಿದ್ದು ಕಾಣುತ್ತಿತ್ತು. ನೋಡಲಿಲ್ಲ.

'ಈ ವಯಸ್ಸಲ್ಲಿ ನಾನೇ ಮೇಲೆ ಬಿದ್ದು ಕರೆದೆನಲ್ಲ... ಅವರೇನು ಅಂದುಕೊಂಡರೋ!' ಅಂದಿನಿಂದ ಕಾಫಿಯ ಹೊತ್ತಿಗೆ ಅವಳು ಕಚೇರಿಯ ಬಾಗಿಲು ಹಾಕಿಕೊಂಡು ಕೂತಳು. ಹಾದಿಯಲ್ಲಿ ಸಿಕ್ಕರೆ ಇಬ್ಬರೂ ಹವಾಮಾನದ ಮಾತಾಡಿ ಮುಂದೆ ಹೋಗುತ್ತಿದ್ದರು.

ಮರುವರ್ಷ ಥೋರ್ಕಿಲನ ನಿವೃತ್ತಿ ಬಂತು.

ಆ ಕಾಲೇಜಿನಲ್ಲಿ ಯಾರೇ ನಿವೃತ್ತರಾಗಲಿ, ಬೀಳ್ಕೊಡುಗೆ ಮಾತ್ರ ಬಿಡುವಂತಿರಲಿಲ್ಲ. ಮೇಜುಗಳ ಮೇಲೆಲ್ಲ ಪುಟ್ಟ ಕೆಂಪು-ಬಿಳಿ ಬಾವುಟ. ಹಳೆಯ ರಾಗಕ್ಕೆ ಹೊಸ ಮಾತು ಕಟ್ಟಿ, ಹೊರಡುವವರ ಕಾಲೆಳೆದು, ಎಲ್ಲರೂ ಕೂಡಿ ಹಾಡುವ ಹಾಡು. ಕೊನೆಗೆ ಒಂದೇ ಉಸಿರಿಗೆ ಕೂಗುವ ಜಯಕಾರ. ಎಲ್ಲದರ ಹೊಣೆ ವಿಬೆಕೆಯದೇ.

ಅವನಿಗೆ ಫೋನ್ ಮಾಡಿದಳು. ಎದುರು ಹೋಗುವ ಧೈರ್ಯವಿರಲಿಲ್ಲ.

"ನಿಮ್ಮ ಬೀಳ್ಕೊಡುಗೆ ಇಡೋಣ ಅಲ್ವಾ?"

"ಏ, ನನಗೆಂಥ ಬೀಳ್ಕೊಡುಗೆ! ಅದೆಲ್ಲ ಬೇಡ."

'ಈ ಮನುಷ್ಯನಿಗೆ ನನ್ನ ಕೈಯಿಂದ ಏನೂ ಬೇಡ,' ಎಂದುಕೊಂಡಳು. ಆದರೂ ಅವನ ಮಾತು ನಡೆಸಿಕೊಡುವುದೊಂದೇ ತನ್ನಿಂದಾಗುವ ಪ್ರೀತಿಯ ಕೆಲಸ ಅನ್ನಿಸಿತು. 'ಥೋರ್ಕಿಲ್ ಏನೂ ಬೇಡ ಎಂದಿದ್ದಾರೆ, ದಯವಿಟ್ಟು ಯಾರೂ ಏನೂ ಮಾಡಬೇಡಿ' ಎಂದು ಎಲ್ಲ ವಿಭಾಗಗಳಿಗೂ ತಿಳಿಸಿದಳು.

ಕೊನೆಯ ದಿನ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನ ಡಾಗ್ನಿ, ಏಪ್ರನ್ ಕೂಡ ಬಿಚ್ಚದೆ, ಕಚೇರಿಗೆ ನುಗ್ಗಿದಳು.

"ಏನಮ್ಮ, ಥೋರ್ಕಿಲ್‌ಗೆ ಏನೂ ಮಾಡ್ತಿಲ್ವಾ?"

"ಅವರೇ ಬೇಡ ಅಂದ್ರು."

"ಬೇಡ ಅಂದವನು ಬಿಳಿ ಶರಟು, ಟೈ ಹಾಕ್ಕೊಂಡು ಬಂದಿದ್ದಾನೆ ಕಣೇ! ಅವನು ಟೈ ಕಟ್ಟಿದ್ದು ನಾನು ನೋಡಿದ್ದೇ ಇಲ್ಲ. ಬೆಳಗಿಂದ ಗುಡಿಸಿದ ನೆಲವನ್ನೇ ಗುಡಿಸ್ತಾ ಬಾಗಿಲ ಕಡೆ ನೋಡ್ತಾ ನಿಂತಿದ್ದಾನೆ. ಎಷ್ಟು ಸಲ ಕೇಳಿದ್ದೆ ನೀನು?"

"ಎಷ್ಟು ಸಲ ಅಂದ್ರೆ? ಒಂದು ಸಲ."

"ಒಂದೇ ಸಲಾನಾ!" ಡಾಗ್ನಿ ಕುರ್ಚಿಗೆ ಕುಸಿದಳು. "ಅಯ್ಯೋ ಮಂಕೇ! ನೀನು ಸರಿಯಾಗಿ ಕೇಳಿದ ಮೇಲೂ ಬೇಡ ಅಂದಿರ್ಬೇಕು ಅಂತ ನಾವೆಲ್ಲ ಸುಮ್ನಿದ್ವಲ್ಲ... ನಮ್ಮ ಕಡೆ ಮರ್ಯಾದಸ್ಥ ಯಾರಾದ್ರೂ ಮೊದಲನೇ ಸಲಕ್ಕೇ ಹೂಂ ಅಂತಾರಾ? ಒಂದು ಸಲ ಕೇಳಿದ್ರೆ ಬಾಯಿಮಾತು. ಎರಡನೇ ಸಲ ಉಪಚಾರ. ಮೂರನೇ ಸಲ ಕೇಳಿದ್ರೆ ತಾನೇ ಮನಸಾರೆ ಕರೀತಿದ್ದಾರೆ ಅಂತ ಅರ್ಥ! ನಮ್ಮಪ್ಪ ಹಸಿವಲ್ಲಿ ಸಾಯ್ತಿದ್ರೂ ಎರಡು ಸಲ ಬೇಡ ಅಂದೇ ತಟ್ಟೆ ಮುಟ್ತಿದ್ದಿದ್ದು."

"ನಮ್ಮೂರಲ್ಲಿ ಬೇಡ ಅಂದ್ರೆ ಬೇಡ ಅಂತಾನೇ..."

ವಿಬೆಕೆಯ ಮುಖ ಬಿಳಿಚಿಕೊಂಡಿತು.

'ಶನಿವಾರದ ಊಟ... ಅದನ್ನೂ ಒಂದೇ ಸಲ ಕೇಳಿದ್ದೆ!'

ಒಂದು ವರ್ಷ! ಅವನು ತನ್ನನ್ನು ಒಲ್ಲೆ ಎಂದನೆಂದು ಒಂದು ವರ್ಷವಿಡೀ ಒಳಗೊಳಗೇ ಬೆಂದಳಲ್ಲ! ಅವನೇನು ಅಂದುಕೊಂಡಿರಬಹುದು? ಬಾಯಿಮಾತಿಗೆ ಕರೆದಳು, ಬೇಡವೆಂದ ಕೂಡಲೇ ನಿರಾಳವಾಗಿ ಹೋದಳು ಎಂದೇ ತಾನೇ? ಅವಳ ಕಣ್ಣು ತುಂಬಿ ಬಂತು.

"ಯಾಕೆ ಅಳ್ತಿ? ಬೀಳ್ಕೊಡುಗೆ ಇನ್ನೂ ಮಾಡಬಹುದು," ಎಂದ ಡಾಗ್ನಿ ಅವಳನ್ನೇ ದಿಟ್ಟಿಸಿದಳು. ಹೆಂಗಸಲ್ಲವೇ, ಅರ್ಥವಾಯಿತು. "ಓಹೋ... ಬೀಳ್ಕೊಡುಗೆ ಒಂದೇ ಅಲ್ಲ ಅನ್ನು! ಹೋಗು, ಕರ್ಕೊಂಡು ಬಾ. ಬನ್ನು, ಬಾವುಟ ನಾನು ನೋಡ್ಕೋತೀನಿ. ಅವನು ನಾಳೆ ಸ್ಯಾಮ್ಸೋ ದ್ವೀಪಕ್ಕೆ ಹೋಗ್ತಿದ್ದಾನೆ, ತಂಗಿ ಮನೇಲಿ ಇದ್ದುಬಿಡೋಕೆ. ಗೊತ್ತಿಲ್ವಾ ನಿನಗೆ?"

ಗೊತ್ತಿರಲಿಲ್ಲ. ವಿಬೆಕೆ ಓಡಿದಳು.

ಮರಗೆಲಸದ ಕಾರ್ಯಾಗಾರ ಖಾಲಿಯಾಗಿತ್ತು. ಉಳಿ, ಗರಗಸಗಳು ಪೆಟ್ಟಿಗೆ ಸೇರಿದ್ದವು. ಥೋರ್ಕಿಲ್ ಪೊರಕೆ ಹಿಡಿದು ನಿಂತಿದ್ದ. ಟೈ ಒಂದು ಬದಿಗೆ ವಾಲಿತ್ತು.

"ಕೀಲಿಕೈ ಕೊಡೋಕೆ ನಾನೇ ಬರ್ತಿದ್ದೆ," ಎಂದ ಮೆಲ್ಲಗೆ.

"ಕೀಲಿಕೈ ಬೇಡ. ಕ್ಯಾಂಟೀನಿಗೆ ಬನ್ನಿ. ನಿಮ್ಮ ಬೀಳ್ಕೊಡುಗೆ ಇದೆ."

"ಅಯ್ಯೋ, ಈಗ್ಯಾಕೆ ಅದೆಲ್ಲ. ಬೇಡ ಬಿಡಿ."

ಈ ಸಲ ವಿಬೆಕೆ ತಿರುಗಿ ಹೋಗಲಿಲ್ಲ.

"ಬನ್ನಿ ಥೋರ್ಕಿಲ್. ನೀವಿಲ್ಲದೆ ಅಲ್ಲಿ ಯಾರೂ ಬನ್ನು ಮುಟ್ಟಲ್ಲ."

"ಜನರ ಕೆಲಸ ಕೆಡುತ್ತೆ..."

"ಕೆಡಲಿ! ನಾನು ಕರೀತಿದ್ದೀನಿ. ಮನಸಾರೆ ಕರೀತಿದ್ದೀನಿ. ಬನ್ನಿ."

ಥೋರ್ಕಿಲ್ ಪೊರಕೆಯನ್ನು ಗೋಡೆಗೆ ಒರಗಿಸಿದ. ಟೈ ಸರಿ ಮಾಡಿಕೊಳ್ಳಲು ಹೋದ, ಅದು ಇನ್ನಷ್ಟು ವಾಲಿತು. ವಿಬೆಕೆಯೇ ಮುಂದೆ ಬಂದು ಸರಿ ಮಾಡಿದಳು.

"ಹಾಗಾದ್ರೆ... ಒಂದು ಲೋಟ ಕಾಫಿ ಕುಡಿದು ಬರೋಣ," ಎಂದ.

ಕ್ಯಾಂಟೀನ್ ತುಂಬಿ ತುಳುಕುತ್ತಿತ್ತು! ಡಾಗ್ನಿ ಏನು ಮಂತ್ರ ಹಾಕಿದ್ದಳೋ, ವೆಲ್ಡಿಂಗಿನವರು ಕೈ ಕೂಡ ತೊಳೆಯದೆ ಬಂದಿದ್ದರು, ಬೇಕರಿ ಕಲಿಯುವವರು ಬಿಸಿ ಬಿಸಿ ತಟ್ಟೆ ಹೊತ್ತು ತಂದಿದ್ದರು. ಬಾವುಟ ಸಾಲದೆ ಒಂದು ಮೇಜಿಗೆ ಕ್ರಿಸ್‌ಮಸ್ಸಿನ ಬಾವುಟದ ಸರವನ್ನೇ ಹಾಕಿದ್ದರು.

ಪ್ರಾಂಶುಪಾಲರು ಎದ್ದು ನಿಂತರು. "ನಾನೂ ಇವರ ಶಿಷ್ಯನೇ. ನಾನು ಮಾಡಿದ ಸ್ಟೂಲ್ ನೋಡಿ, 'ಇದರ ಮೇಲೆ ಕೂರೋಕೆ ಧೈರ್ಯ ಬೇಕು' ಅಂದಿದ್ರು. ಬೇರೆ ಯಾವುದಾದರೂ ಕೆಲಸ ನೋಡಿಕೋ ಅಂತ ಬುದ್ಧಿ ಹೇಳಿದ್ರು. ಅದಕ್ಕೇ ಪ್ರಾಂಶುಪಾಲನಾದೆ!"

ನಗು ಮುಗಿಯಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಎಲ್ಲರ ಕಣ್ಣೂ ವಿಬೆಕೆಯ ಕಡೆ ತಿರುಗಿತು. ಪ್ರತಿ ಸಲವೂ ಬರೆದು ತಂದು ಓದುವವಳು ಇವತ್ತು ಬರಿಗೈಯಲ್ಲಿ ಎದ್ದಳು.

"ಈ ಊರಲ್ಲಿ ಯಾರ ಮನೆಗೆ ಹೋದರೂ ನಾನು ತಳ್ಳೋ ಬಾಗಿಲು ಥೋರ್ಕಿಲ್ ಮಾಡಿದ್ದು, ಇಲ್ಲಾಂದ್ರೆ ಅವರ ಶಿಷ್ಯರು ಮಾಡಿದ್ದು. ಮೂವತ್ತೆಂಟು ವರ್ಷ ಕಲಿಸಿದ್ದಾರೆ. ಅವರ ಹುಡುಗರು ಮರಗೆಲಸದ ಸ್ಪರ್ಧೆಯಲ್ಲಿ ದೇಶಕ್ಕೇ ಮೊದಲು ಬಂದಾಗ, ಫೋಟೋ ತೆಗೆಯೋ ಹೊತ್ತಿಗೆ ಇವರು ಹಿಂದೆ ಹೋಗಿ ನಿಂತ್ರು. ಯಾರೂ ಮುಂದೆ ಕರೀಲಿಲ್ಲ, ಇವರೂ ಬರಲಿಲ್ಲ. ಇವತ್ತೂ ಹಾಗೇ ಆಗ್ತಿತ್ತು. ಅವರು ಬೇಡ ಅಂದ್ರು ಅಂತ ನಾನು ಸುಮ್ಮನಾಗಿಬಿಟ್ಟೆ. ಬೇಡ ಅನ್ನೋರನ್ನ ಎಷ್ಟು ಕರೀಬೇಕು ಅಂತ ಈ ಕೋಪನ್‌ಹೇಗನ್‌ನವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಥೋರ್ಕಿಲ್, ನೀವು ಈ ಕಾಲೇಜಿಗೆ ಬೇಕಾದವರು. ಅಷ್ಟೇ ಹೇಳೋಕೆ ಬಂದದ್ದು."

ಜಯಕಾರಕ್ಕೆ ಕಿಟಕಿಯ ಗಾಜು ನಡುಗಿತು. ಹಾಡು ಕಟ್ಟಲು ಸಮಯವಿಲ್ಲದೆ ಹುಟ್ಟುಹಬ್ಬದ ಹಾಡನ್ನೇ ಹಾಡಿದರು. ಥೋರ್ಕಿಲ್ ಕರವಸ್ತ್ರ ತೆಗೆದು ಗಟ್ಟಿಯಾಗಿ ಮೂಗೊರೆಸಿಕೊಂಡ. ಆದರೆ ನೋಡುತ್ತಿದ್ದದ್ದು ಅವಳನ್ನೇ.

ಎಲ್ಲ ಮುಗಿದ ಮೇಲೆ ಇಬ್ಬರೂ ಸೈಕಲ್ ನಿಲ್ಲಿಸುವ ಕಡೆ ನಡೆದರು. ಜೂನ್ ತಿಂಗಳ ಬಿಸಿಲು ಇನ್ನೂ ಹೊಳೆಯುತ್ತಿತ್ತು.

"ಹೋದ ವರ್ಷ ಊಟಕ್ಕೆ ಕರೆದಿದ್ರಿ," ಎಂದ ಥೋರ್ಕಿಲ್, ಸೈಕಲ್ಲಿನ ಗಂಟೆಯ ಕಡೆ ನೋಡುತ್ತಾ. "ಆ ಶನಿವಾರ ಹೊಸ ಶರಟು ಹಾಕ್ಕೊಂಡು ಫೋನ್ ಹತ್ರಾನೇ ಕೂತಿದ್ದೆ. ಇನ್ನೊಂದ್ಸಲ ಕರೀತೀರೇನೋ ಅಂತ."

"ದೇವರೇ..." ವಿಬೆಕೆ ಬಾಯಿಗೆ ಕೈ ಅಡ್ಡ ಹಿಡಿದಳು. "ನಾನು ಅತ್ತು ಅತ್ತು ಆ ಹಂದಿಮಾಂಸನೆಲ್ಲ ಪಕ್ಕದ ಮನೆ ನಾಯಿಗೆ ಹಾಕಿದೆ!"

"ನಾಯಿಯಾದ್ರೂ ಬೇಡ ಅನ್ನಲಿಲ್ಲವಲ್ಲ."

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣೀರು ಕೆನ್ನೆಗಿಳಿಯಿತು.

"ನಿಮಗೆ ನನ್ನ ಸಂಗ ಬೇಡ ಅಂದ್ಕೊಂಡೆ, ಥೋರ್ಕಿಲ್."

"ನಿಮಗೆ ಬೇಡ ಅಂತ ನಾನಂದ್ಕೊಂಡೆ. ಬಾ ಬಾ ಅಂತ ಬಿಡದೆ ಕರೆದವಳು ತಂಗಿ ಒಬ್ಬಳೇ. ಅದಕ್ಕೇ ಹೊರಟೆ." ಅವನು ತಲೆಯೆತ್ತಿದ. ಜೀವಮಾನವಿಡೀ ಬೇರೆಯವರು ಕೇಳಲಿ ಎಂದು ಕಾದ ಮನುಷ್ಯ ಉಸಿರು ಬಿಗಿಹಿಡಿದು ತಾನೇ ಕೇಳಿದ: "ವಿಬೆಕೆ, ನಾನು ಇಲ್ಲೇ ಇದ್ದುಬಿಡ್ಲಾ? ನಿನ್ನ ಜೊತೆ?"

ಅವಳ ಎದೆ ತುಂಬಿ ಬಂತು. ಆದರೂ ಒಂದು ತುಂಟತನ ತಡೆಯಲಾಗಲಿಲ್ಲ. ತಲೆ ತಗ್ಗಿಸಿ ಹೇಳಿದಳು:

"ಅಯ್ಯೋ, ಬೇಡಪ್ಪ. ನನಗೋಸ್ಕರ ಯಾಕೆ ಅಷ್ಟು ತೊಂದರೆ..."

ಥೋರ್ಕಿಲನ ಮುಖ ಸಣ್ಣದಾಯಿತು. ಮರುಗಳಿಗೆಯೇ ಅವಳ ತುಟಿಯಂಚಿನ ನಗು ಕಂಡು ಅರಳಿತು.

"ಇದ್ದುಬಿಡ್ಲಾ, ವಿಬೆಕೆ?"

"ಹೂಂ, ಇರು!"

"ಇನ್ನೂ ಒಂದು ಸಲ ಕೇಳೋದಿತ್ತು ಕಣೇ."

"ಅಲ್ಲಿವರೆಗೆ ಕಾಯೋಕೆ ನನ್ನ ಕೈಲಾಗಲ್ಲ, ಮಾರಾಯ," ಎಂದು ವಿಬೆಕೆ ಅವನ ಕೈ ಹಿಡಿದುಕೊಂಡಳು.