ಮಾರ್ಟಿನ್ ಖಾತೆಗೆ ಬೀಳದ ಬೀಗ

2006ರ ಜೂನ್ 14, ಮಧ್ಯಾಹ್ನ ಮೂರು ಗಂಟೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿ ಬೀಗ ಬೀಳಬೇಕಿದ್ದ ನನ್ನ ಲಿನಕ್ಸ್ ಕಂಪ್ಯೂಟರಿನ ಪರದೆ ಅರ್ಧ ಗಂಟೆಯಾದರೂ ತೆರೆದೇ ಇತ್ತು.

ಕುವೆಂಪುನಗರದ ನಮ್ಮ ಪತ್ರಿಕಾ ಕಚೇರಿಯಲ್ಲಿ ಅದು ಹಿಂದಿನ ವರದಿಗಾರ ಮಾರ್ಟಿನ್ ಕೂರುತ್ತಿದ್ದ ಜಾಗ. ಅವನು ತೀರಿಕೊಂಡು ತಿಂಗಳಾಗಿತ್ತು. ನಾನು ಅವನ ಲಾಗಿನ್ ಖಾತೆಯಲ್ಲೇ ವರದಿ ಬರೆಯುತ್ತಿದ್ದೆ. ಸಂಪಾದಕರು ಇನ್ನೂ ಅವನನ್ನೇ ಹೊಗಳುತ್ತಿದ್ದರು. ಸತ್ತವನ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು.

"ಯಾರಾದ್ರೂ ಕೆಲ್ಸ ಮಾಡ್ತಿದ್ರೆ ಲಾಕ್ ಆಗಲ್ಲ ಕಣ್ರೀ," ಎಂದು ರಿಪೇರಿಗೆ ಬಂದ ಶಿವಕಿರಣ್ ನಕ್ಕ. "ನೀವು ಸೀಟ್ ಬಿಟ್ಟು ಎದ್ರೆ ತಾನೇ!"

ಕೀಬೋರ್ಡ್, ಮೌಸ್ ಎರಡನ್ನೂ ಕಿತ್ತಿಟ್ಟು ಹತ್ತು ನಿಮಿಷಕ್ಕೂ ಹೆಚ್ಚು ಕಾದೆವು. ಬೀಗ ಬೀಳಲಿಲ್ಲ. ಕಿತ್ತಿಟ್ಟ ಮೌಸ್ ಅಂಗೈಯಷ್ಟು ಬೆಚ್ಚಗಿತ್ತು.

ಶಿವಕಿರಣ್ ಎಲ್ಲವನ್ನೂ ಮತ್ತೆ ಜೋಡಿಸಿ, ನನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದ. ಆ ಖಾತೆಗೆ, ಸರಿಯಾಗಿ ಹತ್ತನೇ ನಿಮಿಷಕ್ಕೆ, ಬೀಗ ಬಿತ್ತು.